ಸಾವಿರ ಗಾಳಕ್ಕೆ 0.41 ಹಕ್ಕಿ

1988ರಲ್ಲಿ ನೈಜೆಲ್ ಬ್ರದರ್ಸ್ ಎಂಬ ಜೀವಶಾಸ್ತ್ರಜ್ಞರು ಟಾಸ್ಮೇನಿಯಾದ ಆಚೆಗಿನ ಕಡಲಿನಲ್ಲಿ ಟ್ಯೂನಾ ಹಿಡಿಯುತ್ತಿದ್ದ ಜಪಾನಿ ಹಡಗು ಹತ್ತಿದರು. ಟಾಸ್ಮೇನಿಯಾದ ವನ್ಯಜೀವಿ ಇಲಾಖೆಯ ನೌಕರರಾಗಿದ್ದ ಅವರು ದ್ವೀಪಗಳಲ್ಲಿ ಗೂಡು ಕಟ್ಟುವ ಕಡಲಹಕ್ಕಿಗಳನ್ನು ಚೆನ್ನಾಗಿ ಬಲ್ಲವರು. ಅದೇ ಹಕ್ಕಿಗಳನ್ನು ಈಗ ಮೀನುಗಾರರು ಕಾಣುವ ಜಾಗದಿಂದ, ಹಡಗಿನ ಹಿಂಬದಿಯಲ್ಲಿ ನಿಂತು, ನೋಡತೊಡಗಿದರು.

ಆ ಹಡಗುಗಳ ಮೀನುಗಾರಿಕೆಗೆ ಲಾಂಗ್‌ಲೈನ್ ಎಂದು ಹೆಸರು. ಹತ್ತಾರು ಕಿಲೋಮೀಟರ್ ಉದ್ದದ ಒಂದು ಮುಖ್ಯ ಹಗ್ಗ, ಅದರಿಂದ ಇಳಿಬಿದ್ದ ಸಾವಿರಾರು ಕವಲು ದಾರಗಳು, ಪ್ರತಿ ದಾರದ ತುದಿಗೂ ಎರೆ ಚುಚ್ಚಿದ ಒಂದು ಗಾಳ. ಹಡಗು ಓಡುತ್ತಿರುವಾಗಲೇ ಇದನ್ನು ಹಿಂಬದಿಯಿಂದ ನೀರಿಗೆ ಬಿಡುತ್ತಾರೆ. ನೀರಿಗೆ ಬಿದ್ದ ಎರೆ ಕೂಡಲೇ ಮುಳುಗುವುದಿಲ್ಲ, ಕೆಲವು ಕ್ಷಣ ಮೇಲೆಯೇ ತೇಲುತ್ತದೆ. ಆ ಕ್ಷಣಗಳಿಗಾಗಿ ಆಲ್ಬಟ್ರಾಸ್ ಹಕ್ಕಿಗಳು ಕಾದಿರುತ್ತವೆ. ಎರಗಿ ಎರೆ ನುಂಗಿದ ಹಕ್ಕಿಯ ಕೊಕ್ಕಿಗೋ ಗಂಟಲಿಗೋ ಗಾಳ ಸಿಕ್ಕಿಕೊಂಡರೆ, ಹಗ್ಗದ ಭಾರ ಅದನ್ನು ಆಳಕ್ಕೆ ಎಳೆದೊಯ್ಯುತ್ತದೆ. ಎಷ್ಟೋ ಗಂಟೆಗಳ ಮೇಲೆ ಹಗ್ಗ ಮೇಲೆಳೆದಾಗ ಮೀನಿನ ಜೊತೆ ಹಕ್ಕಿಯ ಹೆಣ ಬರುತ್ತದೆ. ನಾವಿಕ ಅದನ್ನು ಬಿಡಿಸಿ ಕಡಲಿಗೆ ಎಸೆದು ಮುಂದಿನ ಗಾಳಕ್ಕೆ ಕೈ ಹಾಕುತ್ತಾನೆ.

ಬ್ರದರ್ಸ್ ಎಣಿಸಿದ್ದು ಈ ಹೆಣಗಳನ್ನು. 1991ರಲ್ಲಿ ಅವರ ಪ್ರಬಂಧ ಅಚ್ಚಾಯಿತು. ಸಾವಿರ ಗಾಳಕ್ಕೆ ಸತ್ತ ಹಕ್ಕಿಗಳು 0.41. ಒಂದು ಹಡಗಿನ ಪಾಲಿಗೆ ಇದು ದಿನಕ್ಕೊಂದು ಹಕ್ಕಿಯಷ್ಟೇ. ಯಾವ ನಾವಿಕನಿಗೂ ತಾನೊಂದು ಕುಲವನ್ನು ಅಳಿಸುತ್ತಿದ್ದೇನೆ ಎಂದು ಅನಿಸುವ ಸಂಖ್ಯೆಯಲ್ಲ. ಆದರೆ ದಕ್ಷಿಣ ಸಾಗರದಲ್ಲಿ ಜಪಾನಿ ಹಡಗುಗಳು ಆಗ ವರ್ಷಕ್ಕೆ ಹತ್ತು ಕೋಟಿಗೂ ಹೆಚ್ಚು ಗಾಳ ಬಿಡುತ್ತಿದ್ದವು. ಗುಣಿಸಿದಾಗ ಬಂದ ಅಂದಾಜು, ವರ್ಷಕ್ಕೆ 44,000 ಆಲ್ಬಟ್ರಾಸ್. ಈ ಜಾತಿಯಲ್ಲೇ ದೊಡ್ಡದಾದ ಅಲೆಮಾರಿ ಆಲ್ಬಟ್ರಾಸ್ ಎರಡು ವರ್ಷಕ್ಕೊಮ್ಮೆ ಒಂದೇ ಮೊಟ್ಟೆ ಇಡುತ್ತದೆ. ಮೊದಲ ಮೊಟ್ಟೆ ಇಡುವ ಹೊತ್ತಿಗೆ ಅದಕ್ಕೆ ಸುಮಾರು ಹತ್ತು ವರ್ಷ ತುಂಬಿರುತ್ತದೆ. ಅಂಥ ಹಕ್ಕಿಗೆ ಈ ನಷ್ಟವನ್ನು ತುಂಬಿಕೊಳ್ಳುವ ದಾರಿಯೇ ಇಲ್ಲ.

ಹಕ್ಕಿಯ ಬಾಯಿಗೆ ಹೋದ ಎರೆಯ ಲೆಕ್ಕವೂ ಅದೇ ಪ್ರಬಂಧದಲ್ಲಿತ್ತು. ಎರೆ ಹೋದ ಗಾಳಕ್ಕೆ ಮೀನು ಬೀಳದು, ಹಾಗಾಗಿ ಹಕ್ಕಿ ಕಾಯುವುದು ಹಡಗಿನ ಮಾಲೀಕನ ಲಾಭಕ್ಕೂ ಒಳ್ಳೆಯದು. ಹಕ್ಕಿಯನ್ನು ಬೆದರಿಸುವ ಉಪಾಯ ಕಂಡುಕೊಂಡವರೂ ಜಪಾನಿ ಮೀನುಗಾರರೇ. ಹಡಗಿನ ಹಿಂಬದಿಯ ಎತ್ತರದ ಕಂಬದಿಂದ ಒಂದು ಹಗ್ಗ ಎಳೆದು, ಅದರುದ್ದಕ್ಕೂ ಬಣ್ಣದ ಪಟ್ಟಿಗಳನ್ನು ಇಳಿಬಿಟ್ಟರು. ಗಾಳಿಗೆ ಪಟಪಟ ಹಾರುವ ಪಟ್ಟಿಗಳಿಗೆ ಹೆದರಿ ಹಕ್ಕಿಗಳು ಎರೆಯ ಹತ್ತಿರ ಸುಳಿಯುವುದಿಲ್ಲ. ಜಪಾನಿ ಭಾಷೆಯಲ್ಲಿ ಹಕ್ಕಿಗೆ ‘ತೋರಿ’ ಎನ್ನುತ್ತಾರೆ. ಈ ಹಗ್ಗಕ್ಕೆ ಜಗತ್ತಿನೆಲ್ಲೆಡೆ ‘ತೋರಿ ಲೈನ್’ ಎಂದೇ ಹೆಸರಾಯಿತು.

ಮೀನಿನ ಲೆಕ್ಕ ಇಡುವುದು ಹಳೆಯ ಕೆಲಸ. ಮಂಗಳೂರು, ಮಲ್ಪೆಯ ದಕ್ಕೆಗಳಲ್ಲಿ ದೋಣಿ ಬಂದೊಡನೆ ಯಾವ ಮೀನು ಎಷ್ಟು ಎಂದು ಬರೆದುಕೊಳ್ಳುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಸಿಬ್ಬಂದಿಯನ್ನು ಕರಾವಳಿಯವರು ಕಂಡಿದ್ದಾರೆ. ದಕ್ಕೆಯ ಲೆಕ್ಕ ದಡಕ್ಕೆ ಬಂದದ್ದರ ಲೆಕ್ಕ. ನಡುಗಡಲಿನಲ್ಲಿ ಸತ್ತು ಅಲ್ಲೇ ನೀರಿಗೆ ಬಿದ್ದದ್ದು ಅದರಲ್ಲಿ ಸೇರುವುದಿಲ್ಲ. ಹಡಗಿನ ದಿನಚರಿ ಬರೆಯುವ ಕಪ್ತಾನನಿಗೂ ಮಾರಾಟವಾಗದ ಹಕ್ಕಿ, ಆಮೆಗಳನ್ನು ಬರೆದಿಡಲು ಕಾರಣವಿರಲಿಲ್ಲ. ಬರೆದರೆ ತನಗೇ ತೊಂದರೆ ಎಂಬ ಭಯವೂ ಇತ್ತು. ಮೀನು ಹಿಡಿಯದ, ಮೀನು ಮಾರದ ಒಬ್ಬ ವ್ಯಕ್ತಿ ಹಡಗಿನಲ್ಲಿ ಬೇಕಾಯಿತು.

ಈ ಅಗತ್ಯವನ್ನು ಗಟ್ಟಿಯಾಗಿ ಹಿಡಿದದ್ದು ಅಂಟಾರ್ಕ್ಟಿಕದ ಸಾಗರ ಜೀವಸಂಪತ್ತಿನ ಸಂರಕ್ಷಣಾ ಆಯೋಗ. 1982ರಲ್ಲಿ ಹುಟ್ಟಿ, ಟಾಸ್ಮೇನಿಯಾದ ಹೋಬಾರ್ಟ್‌ನಲ್ಲಿ ಕಚೇರಿ ಹೊಂದಿರುವ ಈ ಆಯೋಗಕ್ಕೆ ಭಾರತ 1986ರಿಂದ ಸದಸ್ಯ. ಆ ದಶಕದ ಕೊನೆಯಲ್ಲಿ ಸೋವಿಯತ್ ಹಡಗುಗಳು ಸೌತ್ ಜಾರ್ಜಿಯಾ ದ್ವೀಪದ ಸುತ್ತ ಟೂತ್‌ಫಿಶ್‌ಗಾಗಿ ಲಾಂಗ್‌ಲೈನ್ ಇಳಿಬಿಡತೊಡಗಿದ್ದವು. ಒಂದೆರಡು ಸಾವಿರ ಮೀಟರ್ ಆಳದಲ್ಲಿ ಬದುಕುವ, ಐವತ್ತು ವರ್ಷ ಬಾಳಬಲ್ಲ ಈ ಮೀನು ಅಮೆರಿಕದ ಹೋಟೆಲುಗಳಲ್ಲಿ ‘ಚಿಲಿಯನ್ ಸೀ ಬಾಸ್’ ಎಂಬ ವ್ಯಾಪಾರಿ ಹೆಸರಿನಲ್ಲಿ ದುಬಾರಿ ಬೆಲೆಗೆ ಹೋಗುತ್ತಿತ್ತು. ಆಯೋಗ 1992ರಲ್ಲಿ ಅಂತರರಾಷ್ಟ್ರೀಯ ವೈಜ್ಞಾನಿಕ ವೀಕ್ಷಣೆಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹಡಗು ಒಂದು ದೇಶದ್ದಾದರೆ ಅದರ ವೀಕ್ಷಕ ಬೇರೊಂದು ದೇಶದವನಾಗಿರಬೇಕು ಎಂಬುದು ಅದರ ಜೀವಾಳ. ಸ್ವಂತ ದೇಶದ ಹಡಗಿನ ತಪ್ಪು ಬರೆಯಲು ಕೈ ಹಿಂಜರಿಯಬಹುದು ಎಂದು ಬಲ್ಲವರು ಮಾಡಿದ ಏರ್ಪಾಟು ಇದು.

ವೀಕ್ಷಕನದು ತಿಂಗಳುಗಟ್ಟಲೆ ಹಡಗಿನಲ್ಲೇ ವಾಸ. ಊಟ ನಾವಿಕರ ಜೊತೆ. ಎಷ್ಟೋ ಸಲ ಅವರ ಭಾಷೆಯೂ ಬರುವುದಿಲ್ಲ. ಹಗ್ಗ ಮೇಲೆ ಬರುವಾಗ ಕಟಕಟೆಯ ಬಳಿ ನಿಂತು ಇಷ್ಟು ಗಾಳಕ್ಕೆ ಇಷ್ಟು ಮೀನು, ಇಷ್ಟು ಹಕ್ಕಿ ಎಂದು ಗುರುತು ಹಾಕಬೇಕು. ಮೀನಿನ ಉದ್ದ ಅಳೆಯಬೇಕು, ಹೆಣ್ಣೋ ಗಂಡೋ ನೋಡಬೇಕು, ವಯಸ್ಸು ತಿಳಿಯಲು ತಲೆಯೊಳಗಿನ ಕಿವಿಗಲ್ಲು ತೆಗೆದಿಡಬೇಕು. ಹಗ್ಗ ಎಷ್ಟು ಬೇಗ ಮುಳುಗುತ್ತದೆಂದು ಪರೀಕ್ಷಿಸುವುದಕ್ಕೆ ಒಂದು ಸರಳ ವಿಧಾನವಿದೆ. ನಿಗದಿತ ಉದ್ದದ ದಾರದಿಂದ ಒಂದು ಪ್ಲಾಸ್ಟಿಕ್ ಬಾಟಲಿಯನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಬಿಡುತ್ತಾರೆ. ತೇಲುವ ಬಾಟಲಿಯನ್ನು ಹಗ್ಗ ಯಾವ ಕ್ಷಣ ಒಳಗೆಳೆದುಕೊಂಡಿತೆಂದು ಗಡಿಯಾರ ಹಿಡಿದು ನೋಡುತ್ತಾರೆ. ಸೆಕೆಂಡಿಗೆ 0.3 ಮೀಟರ್ ವೇಗದಲ್ಲಾದರೂ ಹಗ್ಗ ಇಳಿಯಬೇಕು. ಅದಕ್ಕಾಗಿ ಸ್ಪೇನ್ ಮಾದರಿಯ ಹಗ್ಗಗಳಿಗೆ ಬಲೆಚೀಲದಲ್ಲಿ ತುಂಬಿದ ಕಲ್ಲುಗಳನ್ನು ಕಟ್ಟುತ್ತಾರೆ. 40 ಮೀಟರಿಗೊಂದರಂತೆ ಕಟ್ಟಿದರೆ ಪ್ರತಿಯೊಂದೂ ಎಂಟೂವರೆ ಕಿಲೋ ತೂಗಬೇಕು.

ಇಷ್ಟು ವಿವರದ ನಿಯಮಗಳು ಬಂದದ್ದು ವೀಕ್ಷಕರ ಪುಸ್ತಕಗಳಿಂದಲೇ. ಹಕ್ಕಿ ಸತ್ತ ತಿಂಗಳು, ಹೊತ್ತು, ಹಗ್ಗದ ಭಾರ ಎಲ್ಲವೂ ಅವುಗಳಲ್ಲಿತ್ತು. ಹಗಲು ಬಿಟ್ಟ ಹಗ್ಗಕ್ಕೆ ಹೆಚ್ಚು ಹಕ್ಕಿ ಬಲಿಯಾಗುವುದು ಕಂಡು, ಹಗ್ಗ ಬಿಡುವುದು ರಾತ್ರಿಯೇ ಎಂದಾಯಿತು. ಮರಿ ಸಾಕುವ ತಿಂಗಳುಗಳಲ್ಲಿ ಸಾವು ಹೆಚ್ಚೆಂದು ತಿಳಿದ ಮೇಲೆ ಮೀನುಗಾರಿಕೆಯ ಋತುವನ್ನು ಹಂತಹಂತವಾಗಿ ಅಲ್ಲಿನ ಚಳಿಗಾಲಕ್ಕೆ, ಮೇ ತಿಂಗಳಿಗೆ, ದೂಡಿದರು. ಸೌತ್ ಜಾರ್ಜಿಯಾದ ಸುತ್ತ 1996–97ರ ಋತುವಿನಲ್ಲಿ ಸತ್ತ ಹಕ್ಕಿಗಳು 5,700ಕ್ಕೂ ಹೆಚ್ಚೆಂಬ ಅಂದಾಜಿತ್ತು. ಮರುವರ್ಷ ಅದು ಸಾವಿರದೊಳಗೆ ಬಂತು. ಶತಮಾನ ಮುಗಿಯುವ ಹೊತ್ತಿಗೆ ಎರಡಂಕಿಗೆ ಇಳಿದಿತ್ತು. 2005–06ರಲ್ಲಿ ವೀಕ್ಷಕರು ಬರೆದದ್ದು ಸೊನ್ನೆ.

ಆ ಸೊನ್ನೆಯನ್ನು ಸಂಭ್ರಮಿಸಲೇಬೇಕು. ಆದರೆ ಅದು ವೀಕ್ಷಕರಿದ್ದ ಹಡಗುಗಳದು. ಅದೇ ವರ್ಷಗಳಲ್ಲಿ ದಕ್ಷಿಣ ಸಾಗರದಲ್ಲಿ ಟೂತ್‌ಫಿಶ್ ಕದಿಯುವ ಹಡಗುಗಳೂ ತುಂಬಿದ್ದವು. 2003ರಲ್ಲಿ ‘ವಿಯಾರ್ಸಾ 1’ ಎಂಬ ಹಡಗನ್ನು ಆಸ್ಟ್ರೇಲಿಯಾದ ಗಸ್ತು ಹಡಗು ಮಂಜುಗಡ್ಡೆಗಳ ನಡುವೆ ಮೂರು ವಾರ ಬೆನ್ನಟ್ಟಿ ಹಿಡಿಯಬೇಕಾಯಿತು. ಅಂಥ ಹಡಗುಗಳಲ್ಲಿ ತೋರಿ ಲೈನೂ ಇಲ್ಲ, ಎಣಿಸುವವರೂ ಇಲ್ಲ.

ಹವಾಯಿಯ ಕತ್ತಿಮೀನಿನ ಲಾಂಗ್‌ಲೈನ್‌ನಲ್ಲಿ ಇದೇ ಪ್ರಶ್ನೆ ಕಡಲಾಮೆಗಳ ರೂಪದಲ್ಲಿ ಬಂತು. ಕೋರ್ಟು ಕಟ್ಟಳೆಗಳ ಬಳಿಕ 2001ರಲ್ಲಿ ಅಲ್ಲಿ ಕತ್ತಿಮೀನು ಹಿಡಿಯುವುದೇ ನಿಂತಿತು. 2004ರಲ್ಲಿ ಮತ್ತೆ ಶುರುವಾದಾಗ ಪ್ರತಿ ಹಡಗಿನಲ್ಲೂ ವೀಕ್ಷಕ ಕಡ್ಡಾಯ. ಇಂಗ್ಲಿಷಿನ ‘ಜೆ’ ಅಕ್ಷರದಂತಿದ್ದ ಗಾಳದ ಬದಲು ದುಂಡನೆಯ ಗಾಳ. ಬೊಂಡಾಸದ ಎರೆಯ ಬದಲು ಮೀನಿನ ಎರೆ. ಮೇಲಾಗಿ, ವರ್ಷದಲ್ಲಿ 17 ಲಾಗರ್‌ಹೆಡ್ ಆಮೆ ಅಥವಾ 16 ಲೆದರ್‌ಬ್ಯಾಕ್ ಆಮೆ ಗಾಳಕ್ಕೆ ಸಿಕ್ಕರೆ ಆ ವರ್ಷದ ಮೀನುಗಾರಿಕೆ ಬಂದ್. 2006ರ ಮಾರ್ಚಿನಲ್ಲೇ ಹದಿನೇಳನೆಯ ಲಾಗರ್‌ಹೆಡ್ ಸಿಕ್ಕಿತು. ಇಡೀ ಪಡೆಯ ವರ್ಷದ ದುಡಿಮೆ ಅಲ್ಲಿಗೆ ನಿಂತಿತು. ವೀಕ್ಷಕ ಎಳೆಯುವ ಒಂದು ಗೆರೆಗೆ ಇಷ್ಟು ಬಲವಿದ್ದರೆ, ಅವನ ಮೇಲೆ ಬೀಳುವ ಒತ್ತಡ ಎಷ್ಟಿರಬಹುದೆಂದು ಊಹಿಸುವುದು ಕಷ್ಟವಲ್ಲ.

ಆ ಒತ್ತಡ ಜೀವಕ್ಕೂ ಎರವಾಗಬಹುದೆಂಬ ಆತಂಕವಿದೆ. 2015ರ ಸೆಪ್ಟೆಂಬರಿನಲ್ಲಿ ಪೆರುವಿನ ಪಶ್ಚಿಮದ ಕಡಲಿನಲ್ಲಿ, ಮೀನು ವರ್ಗಾಯಿಸುವ ಹಡಗೊಂದರಿಂದ ಅನುಭವಿ ವೀಕ್ಷಕನೊಬ್ಬ ಕಾಣೆಯಾದ. ಅವನ ದೇಹ ಸಿಗಲೇ ಇಲ್ಲ. ಮರುವರ್ಷ ಪಶ್ಚಿಮ ಮತ್ತು ಮಧ್ಯ ಪೆಸಿಫಿಕ್‌ನ ಮೀನುಗಾರಿಕಾ ಆಯೋಗ ವೀಕ್ಷಕರ ರಕ್ಷಣೆಗೆ ನಿಯಮ ತಂದಿತು. ವೀಕ್ಷಕ ಕಾಣೆಯಾದರೆ ಹಡಗು ಮೀನುಗಾರಿಕೆ ನಿಲ್ಲಿಸಬೇಕು, ಕನಿಷ್ಠ 72 ಗಂಟೆ ಹುಡುಕಬೇಕು, ಅವನ ಸಾಮಾನುಗಳನ್ನೂ ಕೋಣೆಯನ್ನೂ ಹಾಗೇ ಕಾಪಾಡಬೇಕು. ಇಂಥದ್ದನ್ನೂ ಕಾಗದದಲ್ಲಿ ಬರೆಯಬೇಕಾಗಿ ಬಂತಲ್ಲ ಎಂದು ಸಂಕಟವಾಗುತ್ತದೆ.

ಈಗ ಕ್ಯಾಮೆರಾಗಳು ಬಂದಿವೆ. ಆಸ್ಟ್ರೇಲಿಯಾ 2015ರಿಂದ ತನ್ನ ಪೂರ್ವ ಕರಾವಳಿಯ ಟ್ಯೂನಾ ಲಾಂಗ್‌ಲೈನ್ ಹಡಗುಗಳಲ್ಲಿ ಅವನ್ನು ಕಡ್ಡಾಯ ಮಾಡಿತು. ಕ್ಯಾಮೆರಾಕ್ಕೆ ನಿದ್ದೆ ಬೇಡ, ಬೆದರಿಕೆಯೂ ಅದಕ್ಕೆ ತಟ್ಟದು. ಆದರೆ ಮೀನಿನ ಕಿವಿಗಲ್ಲು ತೆಗೆಯಲು ಅದಕ್ಕೆ ಕೈಯಿಲ್ಲ. ಮನುಷ್ಯನ ಕಣ್ಣಿಗೂ ಮಿತಿಯಿದೆ. 1988ರಿಂದ 2003ರವರೆಗಿನ ಟಿಪ್ಪಣಿಗಳನ್ನು ಒಟ್ಟುಗೂಡಿಸಿ ಬ್ರದರ್ಸ್ ಮತ್ತು ಸಂಗಡಿಗರು 2010ರಲ್ಲಿ ಇನ್ನೊಂದು ಪ್ರಬಂಧ ಪ್ರಕಟಿಸಿದರು. ಹಗ್ಗ ಬಿಡುವಾಗ ಗಾಳಕ್ಕೆ ಸಿಕ್ಕಿದ್ದನ್ನು ಕಣ್ಣಾರೆ ಕಂಡ ಹಕ್ಕಿಗಳಲ್ಲಿ ಸುಮಾರು ಅರ್ಧದಷ್ಟು, ಹಗ್ಗ ಎಳೆಯುವಾಗ ಮೇಲೆ ಬಂದೇ ಇರಲಿಲ್ಲ. ನೀರಿನಲ್ಲೇ ಕಳಚಿಹೋಗಿದ್ದವು. ಎಳೆಯುವಾಗ ಮಾತ್ರ ಎಣಿಸಿದ ಹಳೆಯ ಲೆಕ್ಕಗಳೆಲ್ಲ ನಿಜಕ್ಕಿಂತ ಕಡಿಮೆಯೇ ಇದ್ದವು ಎಂದು ಇದರಿಂದ ಗೊತ್ತಾಯಿತು.

ಭಾರತವೂ ಸದಸ್ಯನಾಗಿರುವ ಹಿಂದೂ ಮಹಾಸಾಗರ ಟ್ಯೂನಾ ಆಯೋಗ ತನ್ನ ದೊಡ್ಡ ಹಡಗುಗಳಿಗೆ ಗೊತ್ತುಮಾಡಿದ ವೀಕ್ಷಣೆಯ ಕನಿಷ್ಠ ಪ್ರಮಾಣ ನೂರಕ್ಕೆ ಐದು. ಅಷ್ಟನ್ನೂ ಮುಟ್ಟದ ದೇಶಗಳಿವೆ. ಸೌತ್ ಜಾರ್ಜಿಯಾದ ಪಕ್ಕದ ಬರ್ಡ್ ದ್ವೀಪದಲ್ಲಿ ಬ್ರಿಟಿಷ್ ಸಂಶೋಧಕರು ಅಲೆಮಾರಿ ಆಲ್ಬಟ್ರಾಸ್‌ಗಳ ಗೂಡುಗಳನ್ನು ದಶಕಗಳಿಂದ ಒಂದೊಂದಾಗಿ ಎಣಿಸುತ್ತಿದ್ದಾರೆ. 1960ರ ದಶಕಕ್ಕೆ ಹೋಲಿಸಿದರೆ ಅಲ್ಲಿ ಈಗ ಉಳಿದಿರುವ ಜೋಡಿಗಳು ಸುಮಾರು ಅರ್ಧ. ದ್ವೀಪದ ಸುತ್ತಲಿನ ಕಡಲಿನಲ್ಲಿ ಅವುಗಳಿಗೆ ಅಪಾಯ ತಪ್ಪಿದೆ. ಆದರೆ ಕಾಲಿಗೆ ಗುರುತಿನ ಬಳೆ ತೊಟ್ಟ ಅವೇ ಹಕ್ಕಿಗಳು ಆಹಾರ ಹುಡುಕುತ್ತ ಉತ್ತರಕ್ಕೆ, ಬ್ರೆಜಿಲ್ ಮತ್ತು ಉರುಗ್ವೆಯ ಆಚೆಗಿನ ನೀರಿಗೆ ಹಾರುತ್ತವೆ. ಅಲ್ಲಿ ಹಗ್ಗ ಇಳಿಬಿಡುವ ಹೆಚ್ಚಿನ ಹಡಗುಗಳ ಹಿಂಬದಿಯಲ್ಲಿ ಪುಸ್ತಕ ಹಿಡಿದು ನಿಂತವರಿಲ್ಲ.