ಉತ್ತರ ಆಸ್ಟ್ರೇಲಿಯಾದ ಕಾಡುಚಾರಣ: ಜಲಪಾತಗಳು ಮತ್ತು ಬಂಡೆಚಿತ್ರಗಳು

ಆಸ್ಟ್ರೇಲಿಯಾದ ಚಾರಣದ ಇತಿಹಾಸವನ್ನು ಸಾಮಾನ್ಯವಾಗಿ ಸಿಡ್ನಿಯಿಂದ ಆರಂಭಿಸುತ್ತಾರೆ: 1914ರಲ್ಲಿ ಮೈಲ್ಸ್ ಡನ್ಫಿ ಮತ್ತು ಗೆಳೆಯರು ಕಟ್ಟಿದ ಮೌಂಟನ್ ಟ್ರೇಲ್ಸ್ ಕ್ಲಬ್, 1927ರ ಸಿಡ್ನಿ ಬುಷ್ ವಾಕರ್ಸ್. ಇವರ ಋಣ ದೊಡ್ಡದು. 1930ರ ದಶಕದ ಆರಂಭದಲ್ಲಿ ಚಾರಣಿಗರು ಹಣ ಕೂಡಿಸಿ ಬ್ಲೂ ಗಮ್ ಕಾಡನ್ನು ಕೊಡಲಿಯಿಂದ ಉಳಿಸಿಕೊಂಡರು. ಆದರೆ ಅವರು ಬೆಳೆಸಿದ 'ಮನುಷ್ಯನ ಕೈ ಸೋಕದ ಕಾಡು' ಎಂಬ ಕಲ್ಪನೆ ನಾರ್ದರ್ನ್ ಟೆರಿಟರಿಯ ಮರಳುಗಲ್ಲಿನ ನಾಡಿಗೆ ಒಪ್ಪುವುದಿಲ್ಲ. ಅಲ್ಲಿನ ದಾರಿಗಳಿಗೆ ಒಡೆಯರಿದ್ದಾರೆ. ನಿಟ್ಮಿಲುಕ್ ಕಮರಿಯಿಂದ ಲೆಲಿನ್ ಜಲಪಾತದವರೆಗೆ ಸುಮಾರು 62 ಕಿ.ಮೀ. ಸಾಗುವ ಜಟ್‌ಬುಲಾ ಹಾದಿ ಮೂಲನಿವಾಸಿ ಜಾವೊಯ್ನ್ ಜನ ತಲೆಮಾರುಗಳಿಂದ ಓಡಾಡಿದ ಮಾರ್ಗ. ಭೂಹಕ್ಕಿಗಾಗಿ ದುಡಿದ ಜಾವೊಯ್ನ್ ಹಿರಿಯ ಪೀಟರ್ ಜಟ್‌ಬುಲಾ ಅವರ ಹೆಸರನ್ನೇ ಅದಕ್ಕಿಟ್ಟಿದ್ದಾರೆ. 1976ರ ಭೂಹಕ್ಕು ಕಾಯ್ದೆಯ ಬಲದಿಂದ 1989ರಲ್ಲಿ ನಿಟ್ಮಿಲುಕ್ ಜಾವೊಯ್ನರ ಕೈಸೇರಿತು. ರಾಷ್ಟ್ರೀಯ ಉದ್ಯಾನಕ್ಕೆಂದು ಅವರೇ ಅದನ್ನು ಗುತ್ತಿಗೆಗೆ ಕೊಟ್ಟರು. ಹೀಗಾಗಿ ಇಲ್ಲಿ ಚಾರಣಿಗ ಅತಿಥಿ, ಅನುಮತಿ ಪತ್ರ ಮನೆಯವರ ಒಪ್ಪಿಗೆ.

ಇದಕ್ಕೆ ಎದುರಾಗುವ ಮೊದಲ ಆಕ್ಷೇಪ, ಬಂಡೆಚಿತ್ರಗಳು ಮಾನವಕುಲದ ಪ್ರಾಚೀನ ಆಸ್ತಿ, ಅವನ್ನು ಒಂದು ಸಮುದಾಯ ಹೇಗೆ ತಡೆಹಿಡಿಯಬಹುದು ಎಂಬುದು. ಕಕಾಡು ರಾಷ್ಟ್ರೀಯ ಉದ್ಯಾನದ ಬುರುಂಗ್‌ಕುಯ್ ಬಂಡೆಯ ಆಸರೆಯಲ್ಲಿ ಮಿಂಚಿನ ಪುರುಷ ನಮರ್ಗೋನ್‌ನ ಚಿತ್ರವಿದೆ: ಮೈಯನ್ನು ಬಳಸಿದ ಬಿಳಿ ಗೆರೆ ಮಿಂಚು, ಕೀಲುಗಳಲ್ಲಿ ಗುಡುಗೆಬ್ಬಿಸುವ ಕಲ್ಲುಗೊಡಲಿಗಳು. ಆ ಗೋಡೆಯ ಪ್ರಮುಖ ಚಿತ್ರಗಳನ್ನು ನಯೊಂಬೊಲ್ಮಿ ಎಂಬ ಕಲಾವಿದ ಬರೆದದ್ದು 1960ರ ದಶಕದಲ್ಲಿ. ಬಣ್ಣ ಹಚ್ಚಿದ ಕೈಯ ಬಂಧುಬಳಗ ಇನ್ನೂ ಬದುಕಿರುವಾಗ ಅದನ್ನು ವಾರಸುದಾರರಿಲ್ಲದ ಅವಶೇಷವೆಂದು ಎಣಿಸುವುದು ತಪ್ಪು.

ಸರ್ಕಾರದ ಉದ್ಯಾನದಲ್ಲಿ ಸರ್ಕಾರದ ಮಾತೇ ನಡೆಯಬೇಕೆಂಬ ವಾದವೂ ಇದೆ. ಕಕಾಡುವಿನಲ್ಲೇ ಇರುವ ಗುನ್ಲೊಮ್ ಜಲಪಾತದ ಪ್ರಕರಣ ಅದನ್ನು ಅಲುಗಾಡಿಸಿತು. ಪವಿತ್ರ ಸ್ಥಳದ ಹತ್ತಿರ ಅಗತ್ಯ ಅನುಮತಿಯಿಲ್ಲದೆ 2019ರಲ್ಲಿ ಕಾಲುದಾರಿ ಮಾಡಿದ್ದಕ್ಕೆ ಉದ್ಯಾನಗಳ ಕೇಂದ್ರ ಆಡಳಿತವೇ ಕಟಕಟೆ ಹತ್ತಿತು; ಆಸ್ಟ್ರೇಲಿಯಾದ ಹೈಕೋರ್ಟ್ ತೀರ್ಪಿನ ಬಳಿಕ 2024ರಲ್ಲಿ 2 ಲಕ್ಷ ಡಾಲರ್ ದಂಡ ಬಿತ್ತು.

ಜನ ಕಣ್ಣಾರೆ ಕಂಡದ್ದನ್ನೇ ಕಾಪಾಡುತ್ತಾರೆ ಎಂಬ ಆಕ್ಷೇಪವನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಬ್ಲೂ ಗಮ್ ಕಾಡೇ ಅದಕ್ಕೆ ಸಾಕ್ಷಿ. ಆದರೆ ಬುರುಂಗ್‌ಕುಯ್‌ಯಂಥ ತಾಣಗಳನ್ನು ಒಡೆಯರೇ ತೆರೆದಿಟ್ಟಿದ್ದಾರೆ. ಜಟ್‌ಬುಲಾದಲ್ಲಿ ಒಣಹವೆಯ ತಿಂಗಳುಗಳಲ್ಲಿ, ಮುಂಗಡ ಕಾಯ್ದಿರಿಸಿದ ಸೀಮಿತ ಜನ ಒಂದೇ ದಿಕ್ಕಿನಲ್ಲಿ ನಡೆಯುತ್ತಾರೆ, ದಾರಿಯಲ್ಲಿ ಆಂಫಿಥಿಯೇಟರ್ ಕೊಳ್ಳದ ಚಿತ್ರಗಳನ್ನೂ ನೋಡುತ್ತಾರೆ. ಏನನ್ನು ತೋರಿಸಬೇಕು, ಯಾವುದನ್ನು ಮುಚ್ಚಿಡಬೇಕು ಎಂಬ ತೀರ್ಮಾನದಲ್ಲಿ ಆಯಾ ನೆಲದ ಒಡೆಯರ ಮಾತು ಮೊದಲು.