ಮೌಸ್ ಓಡಿಸಿದ ಸಣ್ಣ ಫೈಲು

1933ರಲ್ಲಿ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನ ಹುಟ್ಟಿದ ಧಾರವಾಡದಲ್ಲಿ ಪುಸ್ತಕ ರೂಪುಗೊಳ್ಳುತ್ತಿದ್ದದ್ದು ಅಚ್ಚುಮೊಳೆ ಜೋಡಿಸುವವರ ಬೆರಳಲ್ಲಿ. ಕಂಪ್ಯೂಟರಿನಲ್ಲೇ ಪುಟ ಜೋಡಿಸುವ ಡಿಟಿಪಿ ಬಂದಮೇಲೆ ಆ ಕೆಲಸ ಮೌಸಿಗೆ ದಾಟಿತು.

ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದಲ್ಲಿ ಮೌಸ್ ಸಿಕ್ಕಿಸಿದರೆ ಸಾಲುತ್ತಿರಲಿಲ್ಲ. ಕಂಪ್ಯೂಟರ್ ಶುರುವಾಗುವಾಗ ಓದುವ ಆಟೋಎಕ್ಸೆಕ್ ಫೈಲಿನಲ್ಲಿ ‘ಮೌಸ್.ಕಾಂ’ ಎಂಬ ಸಾಲು ಬರೆಯಬೇಕು, ಇಲ್ಲವೇ ಕಾನ್ಫಿಗ್ ಫೈಲಿನಲ್ಲಿ ‘ಮೌಸ್.ಸಿಸ್’ ಸೇರಿಸಬೇಕು. ಅದಿಲ್ಲದಿದ್ದರೆ ಡಾಸ್ ಪ್ರೋಗ್ರಾಂಗಳಿಗೆ ಮೌಸ್ ಇರುವುದೇ ತಿಳಿಯದು. ಮೈಕ್ರೋಸಾಫ್ಟ್ 1983ರಲ್ಲಿ ಮೊದಲ ಮೌಸ್ ಮಾರಿದಾಗ ಅದನ್ನು ಓಡಿಸುವ ಈ ಸಣ್ಣ ಫೈಲನ್ನೂ, ಅಂದರೆ ಡ್ರೈವರನ್ನೂ, ಜೊತೆಗೇ ಕೊಟ್ಟಿತ್ತು. ಬೇರೆ ಕಂಪನಿಗಳು ಕ್ರಮೇಣ ಅದೇ ರೀತಿಗೆ ಒಗ್ಗಿದವು.

ವಿಂಡೋಸ್ ತನ್ನದೇ ಡ್ರೈವರ್ ಇಟ್ಟುಕೊಂಡಿತು. ವಿಂಡೋಸ್ 98ರ ಹೊತ್ತಿಗೆ ಯುಎಸ್‌ಬಿ ಮೌಸಿನ ಸಾಮಾನ್ಯ ಡ್ರೈವರ್ ಒಳಗೇ ಬಂತು. ದೊಡ್ಡ ನೆಮ್ಮದಿ ಅದು.

ಹುಬ್ಬಳ್ಳಿ-ಧಾರವಾಡದ ಮುದ್ರಣದ ಇತಿಹಾಸ ಬರೆಯುವವರು ಇಂಥ ಸಣ್ಣ ಫೈಲುಗಳೊಂದಿಗೆ ಏಗಿದ ಡಿಟಿಪಿ ಕೆಲಸಗಾರರ ನೆನಪುಗಳನ್ನೂ ಈಗಲೇ ದಾಖಲಿಸಿಕೊಳ್ಳಬೇಕು.