ಗೆರೆಯ ದಪ್ಪ ಎಲ್ಲಿ ಕಳೆಯಿತು?

ಪೆನ್ ಟ್ಯಾಬ್ಲೆಟ್ ಬಳಸುವವರ ಬಾಯಲ್ಲಿ ಪದೇ ಪದೇ ಬರುವ ದೂರು ಒಂದೇ: ಕರ್ಸರ್ ಓಡುತ್ತದೆ, ಗೆರೆಯೂ ಬೀಳುತ್ತದೆ, ಆದರೆ ಎಷ್ಟು ಒತ್ತಿದರೂ ದಪ್ಪವಾಗುವುದಿಲ್ಲ, ಎಷ್ಟು ಸಡಿಲ ಬಿಟ್ಟರೂ ತೆಳ್ಳಗಾಗುವುದಿಲ್ಲ. ಅದಕ್ಕೆ ಸಲಹೆಗಳೂ ಸಿದ್ಧವಾಗಿಯೇ ಇರುತ್ತವೆ. ಡ್ರೈವರ್ ತೆಗೆದು ಮತ್ತೆ ಹಾಕಿ. ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ. ಅಷ್ಟಕ್ಕೂ ಸರಿಹೋಗದಿದ್ದರೆ ಪೆನ್ ಹೋಗಿದೆ, ಹೆಚ್ಚು ಪ್ರೆಷರ್ ಲೆವೆಲ್ ಇರುವ ಹೊಸ ಟ್ಯಾಬ್ಲೆಟ್ ಕೊಳ್ಳಿ. ಮೂರರ ಹಿಂದೆಯೂ ಇರುವ ನಂಬಿಕೆ ಒಂದೇ: ದೋಷ ಯಾವುದೋ ಒಂದು ವಸ್ತುವಿನಲ್ಲಿ ಕೂತಿದೆ, ಅದನ್ನು ಬದಲಾಯಿಸಿದರೆ ಮುಗಿಯಿತು. ಈ ತೊಂದರೆಯ ನಾಲ್ಕು ದಶಕಗಳ ಚರಿತ್ರೆ ಆ ನಂಬಿಕೆಗೆ ಆಸರೆ ಕೊಡುವುದಿಲ್ಲ. ಪೆನ್ನು ಅಳೆದ ಒತ್ತಡ ಚಿತ್ರದವರೆಗೆ ತಲುಪದೆ ನಡುದಾರಿಯಲ್ಲಿ ಕಳೆದುಹೋಗುವುದೇ ಹೆಚ್ಚು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂಥ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಆ ದಾರಿ ಕೆಡುವುದಕ್ಕೆ, ಇಂಗ್ಲಿಷಿನ ಯಾವ ಕೈಪಿಡಿಯೂ ಹೇಳದ ಇನ್ನೊಂದು ಕಾರಣವಿದೆ: ಕನ್ನಡದ ಫಾಂಟು.

ಆರಂಭದ ಘಟ್ಟವನ್ನು ಬೇಗ ದಾಟಬಹುದು. 1963ರ ಸ್ಕೆಚ್‌ಪ್ಯಾಡ್‌ನಲ್ಲಿ ಐವನ್ ಸದರ್ಲ್ಯಾಂಡ್ ಬಳಸಿದ ಲೈಟ್ ಪೆನ್ನಿಗಾಗಲಿ, 1964ರ ರ‍್ಯಾಂಡ್ ಟ್ಯಾಬ್ಲೆಟ್ಟಿಗಾಗಲಿ ಕೈಯ ಒತ್ತಿನ ಗೊಡವೆ ಇರಲಿಲ್ಲ. ರ‍್ಯಾಂಡ್ ಪೆನ್ನಿನ ತುದಿಯಲ್ಲಿದ್ದದ್ದು ಬರೀ ಒಂದು ಸ್ವಿಚ್ಚು. ಬಿಂದು ಎಲ್ಲಿದೆಯೆಂದು ತಿಳಿದರೆ ಎಂಜಿನಿಯರಿಗೆ ಸಾಕಿತ್ತು. 1983ರಲ್ಲಿ ಜಪಾನಿನಲ್ಲಿ ಹುಟ್ಟಿದ ವ್ಯಾಕಮ್ ಕಂಪನಿ ವೈರಿಲ್ಲದ, ಬ್ಯಾಟರಿಯೂ ಬೇಡದ ಪೆನ್ನು ತಂದಿತು. ಟ್ಯಾಬ್ಲೆಟ್ಟಿನ ಒಳಗಿನ ತಂತಿಜಾಲ ಸಂಕೇತ ಕಳಿಸುತ್ತದೆ, ಪೆನ್ನಿನೊಳಗಿನ ಸುರುಳಿ ಅನುರಣಿಸಿ ಅದನ್ನು ಮರಳಿಸುತ್ತದೆ. ನಿಬ್ಬು ಒತ್ತಿದಾಗ ಆ ಅನುರಣನ ತುಸು ಪಲ್ಲಟವಾಗುತ್ತದೆ. ಆ ಪಲ್ಲಟವೇ ಒತ್ತಡದ ಲೆಕ್ಕ. ಪೆನ್ನಿನದೇ ದೋಷ ಎಂಬುದು ಇರುವುದೇ ಇಲ್ಲ ಎಂದು ಹೇಳುತ್ತಿಲ್ಲ. ನಿಬ್ಬು ಪೂರ್ತಿ ಒಳಗೆ ಕೂರದೆ ಇರಬಹುದು. ಪೆನ್ನನ್ನು ತಲೆಕೆಳಗಾಗಿ ಡಬ್ಬಿಯಲ್ಲಿ ನಿಲ್ಲಿಸಿಟ್ಟು ಸೆನ್ಸರ್ ಸದಾ ಒತ್ತಿಕೊಂಡೇ ಇರಬಹುದು. ಕಬ್ಬಿಣದ ಮೇಜು ಅಥವಾ ಪಕ್ಕದ ಮೊಬೈಲ್ ಚಾರ್ಜರ್ ಸಂಕೇತವನ್ನು ಕದಡಬಹುದು. ಆದರೆ ಈ ದೋಷಗಳನ್ನು ಗುರುತಿಸುವುದು ಸುಲಭ. ಡ್ರೈವರಿನ ಪರೀಕ್ಷಾ ಪರದೆಯಲ್ಲಿ ಪೆನ್ನು ಗಾಳಿಯಲ್ಲಿದ್ದಾಗ ಒತ್ತಡ ಸೊನ್ನೆ ತೋರಿಸಬೇಕು, ಬಲವಾಗಿ ಒತ್ತಿದಾಗ ನೂರರ ಹತ್ತಿರ ಹೋಗಬೇಕು. ಹೋದರೆ ಪೆನ್ನು ನಿರಪರಾಧಿ. ಇಷ್ಟು ನೋಡದೆ ಹೊಸ ಪೆನ್ ತರಿಸುವವರೇ ಹೆಚ್ಚು.

ಎರಡನೆಯ ಘಟ್ಟ 1990ರ ದಶಕದ ಆರಂಭದಿಂದ ಸುಮಾರು 2012ರವರೆಗಿನದು. ಈಗ ಅಂಗಡಿ ನಡೆಸುತ್ತಿರುವ ಹಿರಿಯ ಡಿಸೈನರುಗಳೆಲ್ಲ ಕೆಲಸ ಕಲಿತದ್ದು ಆಗಲೇ, ಹಾಗಾಗಿ ಅದರ ಬಗ್ಗೆ ನಿಧಾನವಾಗಿ ಹೇಳಬೇಕು. ವಿಂಡೋಸ್‌ನಲ್ಲಿ ಪೆನ್ನಿನ ಒತ್ತಡ ಚಿತ್ರದ ಸಾಫ್ಟ್‌ವೇರಿಗೆ ತಲುಪಲು ಆಗ ಬಳಕೆಯಲ್ಲಿದ್ದದ್ದು ಹೆಚ್ಚುಕಡಿಮೆ ಒಂದೇ ದಾರಿ, ವಿನ್‌ಟ್ಯಾಬ್. ಯಾವ ಕಂಪನಿಯ ಟ್ಯಾಬ್ಲೆಟ್ ಆದರೂ ಅದರ ಡ್ರೈವರ್ ವಿನ್‌ಟ್ಯಾಬ್32 ಎಂಬ ಒಂದು ಡಿಎಲ್‌ಎಲ್ ಕಡತವನ್ನು ವಿಂಡೋಸ್‌ನ ಸಿಸ್ಟಮ್ ಫೋಲ್ಡರಿನಲ್ಲಿ ಇಡುತ್ತಿತ್ತು. ಸಾಫ್ಟ್‌ವೇರ್ ಅದನ್ನು ತೆರೆದು ಓದುತ್ತಿತ್ತು. 1991ರ ಫ್ರ್ಯಾಕ್ಟಲ್ ಡಿಸೈನ್ ಪೇಂಟರ್ ಕಾಗದದ ಮೇಲಿನ ಇದ್ದಿಲು, ಕುಂಚಗಳ ಗುಣವನ್ನು ಪರದೆಗೆ ತರಲು ಹೊರಟಿತು. 2002ರ ಫೋಟೋಶಾಪ್ 7.0 ಹೊಸ ಬ್ರಷ್ ವ್ಯವಸ್ಥೆ ತಂದು, ಗಾತ್ರ, ದಟ್ಟತೆ, ಕೋನ ಪ್ರತಿಯೊಂದನ್ನೂ ಪೆನ್ನಿನ ಒತ್ತಡಕ್ಕೆ ಕಟ್ಟುವ ಅವಕಾಶ ಕೊಟ್ಟಿತು. ಟ್ಯಾಬ್ಲೆಟ್ ಸಿಗದಿದ್ದರೆ ಆ ಆಯ್ಕೆಯ ಪಕ್ಕ ಸಣ್ಣ ತ್ರಿಕೋನದಲ್ಲಿ ಆಶ್ಚರ್ಯಚಿಹ್ನೆ ಕಾಣಿಸುತ್ತಿತ್ತು. ಈ ಕ್ಷೇತ್ರ ಕಂಡ ಅತ್ಯಂತ ಪ್ರಾಮಾಣಿಕ ಎಚ್ಚರಿಕೆ ಬಹುಶಃ ಅದೇ: ಕುಂಚ ಸರಿಯಿದೆ, ನಿನ್ನ ದಾರಿ ಮುಚ್ಚಿದೆ ಎಂದು ಅದು ನೇರವಾಗಿ ಹೇಳುತ್ತಿತ್ತು. ಆಗ ತಪ್ಪಾಗುತ್ತಿದ್ದ ಜಾಗಗಳೂ ಬೆರಳೆಣಿಕೆಯವು. ಬ್ರಷ್ಷಿನಲ್ಲಿ ಕಂಟ್ರೋಲ್ ಎಂಬಲ್ಲಿ ಪೆನ್ ಪ್ರೆಷರ್ ಆರಿಸಿರುವುದಿಲ್ಲ. ಇಲ್ಲವೇ ಕಂಪ್ಯೂಟರಿಗೆ ಎರಡು ಕಂಪನಿಗಳ ಡ್ರೈವರ್ ಬಿದ್ದು, ಎರಡನೆಯದು ಮೊದಲನೆಯದರ ಡಿಎಲ್‌ಎಲ್ ಮೇಲೆ ತನ್ನದನ್ನು ಬರೆದಿರುತ್ತದೆ. ಡ್ರೈವರ್ ತೆಗೆದು ಹಾಕಿ ಎಂಬ ಸಲಹೆ ಹುಟ್ಟಿದ್ದು ಇಲ್ಲಿ, ಮತ್ತು ಇಲ್ಲಿ ಅದು ಸರಿಯಾಗಿಯೇ ಇತ್ತು.

ಇದೇ ಕಾಲದಲ್ಲಿ ಕನ್ನಡದ ಅಕ್ಷರವೂ ಈ ಅಂಗಡಿಗಳ ಕಂಪ್ಯೂಟರಿಗೆ ಬಂತು. ಕನ್ನಡ ಟೈಪ್ ಮಾಡುವ ಬರಹ ತಂತ್ರಾಂಶ ಬಂದದ್ದು 1998ರಲ್ಲಿ. ಅದರ ಬೆನ್ನಿಗೆ ಕನ್ನಡ ಗಣಕ ಪರಿಷತ್ತಿನ ನುಡಿ. ಪುಣೆಯ ಶ್ರೀಲಿಪಿಯೂ ಅಂಗಡಿಗಳಲ್ಲಿ ಬೇರು ಬಿಟ್ಟಿತು. ಇವುಗಳ ಆಗಿನ ಫಾಂಟುಗಳು ಯೂನಿಕೋಡ್ ಅಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದವು. ಸಾಫ್ಟ್‌ವೇರಿಗೆ ತಾನು ಕನ್ನಡ ಮೂಡಿಸುತ್ತಿದ್ದೇನೆಂಬುದೇ ಗೊತ್ತಿರುವುದಿಲ್ಲ, ಆದ್ದರಿಂದಲೇ ಹಳೆಯ ಫೋಟೋಶಾಪ್, ಕೋರೆಲ್‌ಡ್ರಾಗಳಲ್ಲಿ ಒತ್ತಕ್ಷರ ಒಡೆಯದೆ ಬರುತ್ತದೆ. ಮದುವೆ ಕಾರ್ಡು, ಕರಪತ್ರ, ಬ್ಯಾನರುಗಳ ಇಡೀ ಭಂಡಾರ ಆ ಸಂಕೇತದಲ್ಲೇ ಬೆಳೆಯಿತು. ಅಂಗಡಿಯವರು ಹಳೆಯ ಆವೃತ್ತಿಯನ್ನು ಬಿಡದಿರುವುದು ಜಿಪುಣತನಕ್ಕೆ ಎಂದು ಬೆಂಗಳೂರಿನ ತರಬೇತುದಾರರು ಹಾಸ್ಯ ಮಾಡುವುದುಂಟು. ಆ ಹಾಸ್ಯದಲ್ಲಿ ಹುರುಳಿಲ್ಲ.

ಮೂರನೆಯ ಘಟ್ಟದಲ್ಲಿ ದಾರಿ ಎರಡಾಯಿತು. 2002ರ ವಿಂಡೋಸ್ ಎಕ್ಸ್‌ಪಿ ಟ್ಯಾಬ್ಲೆಟ್ ಆವೃತ್ತಿಯಿಂದಲೇ ಮೈಕ್ರೋಸಾಫ್ಟ್ ಪೆನ್ನಿಗೆ ತನ್ನದೇ ದಾರಿ ಹಾಕುತ್ತ ಬಂದಿತ್ತು. ವಿಂಡೋಸ್ 8ರ ಹೊತ್ತಿಗೆ ಅದು ಹೆದ್ದಾರಿಯಾಯಿತು, ಮುಂದೆ ವಿಂಡೋಸ್ ಇಂಕ್ ಎಂದು ಹೆಸರಾಯಿತು. ಫೋಟೋಶಾಪ್ ಸಿಸಿ 2014 ವಿನ್‌ಟ್ಯಾಬ್ ಬಿಟ್ಟು ಈ ಹೊಸ ದಾರಿ ಹಿಡಿದಾಗ, ಅದಕ್ಕೆ ಸಿದ್ಧವಿಲ್ಲದ ಡ್ರೈವರುಗಳಿದ್ದ ಕಂಪ್ಯೂಟರುಗಳಲ್ಲಿ ಒಂದೇ ಅಪ್‌ಡೇಟಿಗೆ ಒತ್ತಡ ಮಾಯವಾಯಿತು. ಸೆಟ್ಟಿಂಗ್ಸ್ ಫೋಲ್ಡರಿನಲ್ಲಿ ಪಿಎಸ್‌ಯೂಸರ್‌ಕಾನ್ಫಿಗ್ ಎಂಬ ಪಠ್ಯಕಡತ ಮಾಡಿ, ಯೂಸ್‌ಸಿಸ್ಟಮ್‌ಸ್ಟೈಲಸ್ 0 ಎಂದು ಒಂದು ಸಾಲು ಬರೆದಿಟ್ಟರೆ ಹಳೆಯ ದಾರಿ ಮತ್ತೆ ತೆರೆಯುತ್ತಿತ್ತು. ಒಂದು ಸಾಲಿನ ಈ ಪರಿಹಾರ ಈ ಕ್ಷೇತ್ರದ ಚಿಂತನೆಯನ್ನೇ ಬದಲಿಸಬೇಕಿತ್ತು: ಪೆನ್ನು ಅದೇ, ಟ್ಯಾಬ್ಲೆಟ್ ಅದೇ, ಡ್ರೈವರ್ ಅದೇ; ಬದಲಾದದ್ದು ದಾರಿ ಮಾತ್ರ. ಬದಲಿಗೆ ಆ ಸಾಲು ಒಂದು ಮಂತ್ರವಾಯಿತು. ಅದು ಯಾವ ಆವೃತ್ತಿಗೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲದು ಎಂದು ಯೋಚಿಸದೆ ಎಲ್ಲರೂ ಎಲ್ಲೆಡೆ ಬರೆದಿಟ್ಟರು. ವಿಂಡೋಸ್ ಇಂಕ್ ಆರಿಸಿದ ಡ್ರೈವರಿನ ಜೊತೆ ಹಳೆಯ ದಾರಿಯ ಸಾಫ್ಟ್‌ವೇರ್ ಇಟ್ಟರೂ ಗೆರೆ ಸಮದಪ್ಪವಾಗಿಯೇ ಬರಬಹುದು, ಅದರ ತಿರುವುಮುರುವಿನಲ್ಲೂ ಅಷ್ಟೇ.

ನನ್ನ ಮಟ್ಟಿಗೆ ಈ ಘಟ್ಟದ ನಿಜವಾದ ಸಾಧನೆ ಮುಕ್ತ ತಂತ್ರಾಂಶದವರದು. ಚಿತ್ರ ಬರೆಯುವ ತಂತ್ರಾಂಶವಾದ ಕ್ರಿಟಾದ 2017ರ 3.3 ಆವೃತ್ತಿ ಎರಡು ದಾರಿಗಳನ್ನೂ ಬಳಕೆದಾರನ ಮುಂದಿಟ್ಟು ಬೇಕಾದ್ದನ್ನು ಆರಿಸಿಕೊ ಎಂದಿತು. ಅದರ ಟ್ಯಾಬ್ಲೆಟ್ ಟೆಸ್ಟರ್, ಪೆನ್ನಿನಿಂದ ಒಳಗೆ ಬಂದ ಅಂಕಿಗಳನ್ನು ಇದ್ದ ಹಾಗೆ ತೋರಿಸುತ್ತದೆ; ಊಹೆಗೆ ಎಡೆಯಿಲ್ಲ. ಮುಕ್ತವಲ್ಲದ ಕ್ಲಿಪ್ ಸ್ಟುಡಿಯೋ ಪೇಂಟ್ ಕೂಡ ಪ್ರಿಫರೆನ್ಸಸ್‌ನಲ್ಲಿ ಅದೇ ಆಯ್ಕೆ ಕೊಡುತ್ತದೆ. ಜಿಂಪ್‌ನಲ್ಲಿ ಇನ್‌ಪುಟ್ ಡಿವೈಸಸ್ ಒಳಗೆ ಪೆನ್ನು ನಿಷ್ಕ್ರಿಯ ಸ್ಥಿತಿಯಲ್ಲಿದ್ದರೆ ಅದನ್ನು ಸ್ಕ್ರೀನ್ ಸ್ಥಿತಿಗೆ ತಂದರಾಯಿತು. ಅಳೆದು ನೋಡುವ ಈ ಪಂಥ ತೋರಿಸಿಕೊಟ್ಟ ಇನ್ನೊಂದು ಸಂಗತಿ ಕರ್ವ್‌ಗಳದು. ಒತ್ತಡವನ್ನು ತಿದ್ದುವ ಕರ್ವ್ ಡ್ರೈವರಿನಲ್ಲೊಂದು, ಸಾಫ್ಟ್‌ವೇರಿನಲ್ಲೊಂದು, ಬ್ರಷ್ಷಿನಲ್ಲೊಂದು ಇರುತ್ತದೆ. ಮೂರೂ ಒಂದರ ಮೇಲೊಂದು ಕೂರುತ್ತವೆ. ವರ್ಗಕ್ಕೆ ಏರಿಸುವ ಕರ್ವ್ ಡ್ರೈವರಿನಲ್ಲಿದ್ದರೆ ಶೇ 50ರ ಒತ್ತಡ ಶೇ 25 ಆಗುತ್ತದೆ. ಅಂಥದೇ ಇನ್ನೊಂದು ಸಾಫ್ಟ್‌ವೇರಿನಲ್ಲೂ ಇದ್ದರೆ ಶೇ 6.25ಕ್ಕೆ ಇಳಿಯುತ್ತದೆ. ಸಾಧಾರಣ ಕೈಗೆ ಗೆರೆಯೇ ಕಾಣುವುದಿಲ್ಲ. ಆಗ ಬಿಗಿಯಾಗಿ ಒತ್ತುವ ಚಟ ಬೀಳುತ್ತದೆ, ನಿಬ್ಬು ಸವೆಯುತ್ತದೆ, ಮಣಿಕಟ್ಟು ನೋಯುತ್ತದೆ, ಕೊನೆಗೆ ಬೈಗುಳ ಪೆನ್ನಿಗೆ. ಮೊದಲು ಮೂರನ್ನೂ ನೇರಗೆರೆಗೆ ತಂದು, ಆಮೇಲೆ ಒಂದನ್ನು ಮಾತ್ರ ತಿದ್ದಬೇಕೆಂಬುದು ಇಷ್ಟು ವರ್ಷಗಳಲ್ಲಿ ಈ ಕ್ಷೇತ್ರ ಕಂಡುಕೊಂಡ ಗಟ್ಟಿ ನಿಯಮ.

ಲೆವೆಲ್‌ಗಳ ಮೋಹವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ವ್ಯಾಕಮ್‌ನ 1998ರ ಇಂಟುಯೋಸ್ ಟ್ಯಾಬ್ಲೆಟ್ಟಿನಲ್ಲಿ 1024 ಲೆವೆಲ್ ಇದ್ದದ್ದು 2009ರ ಇಂಟುಯೋಸ್4ರಲ್ಲಿ 2048 ಆಯಿತು, 2016ರ ಸುಮಾರಿಗೆ 8192, ಈಗ ಪೆಟ್ಟಿಗೆಗಳ ಮೇಲೆ 16384. ಎಂಟು ಬಿಟ್ಟಿನ ಚಿತ್ರದಲ್ಲಿ ಒಂದು ಬಣ್ಣದ ಪದರಕ್ಕಿರುವ ಹಂತಗಳೇ 256. ಮೂವತ್ತು ಪಿಕ್ಸೆಲ್ ಅಗಲದ ಕುಂಚಕ್ಕೆ ಹದಿನಾರು ಸಾವಿರ ದಪ್ಪಗಳು ಬೇಕೇ? ಕೈಗೆ ಗೊತ್ತಾಗುವುದು ಬೇರೆಯೇ ಗುಣ: ಗೆರೆ ಶುರುವಾಗಲು ಎಷ್ಟು ಗ್ರಾಂ ಭಾರ ಬೇಕು ಎಂಬುದು. ಅದನ್ನು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕುವ ರೂಢಿ ಇನ್ನೂ ಬಂದಿಲ್ಲ. ಹೆಚ್ಚು ಲೆವೆಲ್ ಇದ್ದರೆ ಕೆಡುಕೇನು ಎಂದು ಕೇಳಬಹುದು. ಕೆಡುಕಿಲ್ಲ, ಮುಚ್ಚಿದ ದಾರಿಯಲ್ಲಿ ಅವು ಒಂದೂ ಆಚೆ ಹೋಗುವುದಿಲ್ಲ, ಅಷ್ಟೆ.

ಹಾವೇರಿ ಸೀಮೆಯಲ್ಲಿ ಈ ಮುಚ್ಚಿದ ದಾರಿಯಿಂದ ಆಗುವ ನಷ್ಟ ಎಂಥದು? ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು; ಅದರ ಗುರುತೇ ಕಡುಕೆಂಪು ಬಣ್ಣ ಮತ್ತು ಸುಕ್ಕು. ಉದ್ದನೆಯ ಕಡ್ಡಿ ತಳಿ ಇರಲಿ, ದಪ್ಪನೆಯ ಡಬ್ಬಿ ತಳಿ ಇರಲಿ, ಖಾರದ ಪುಡಿಯ ಪೊಟ್ಟಣದ ಮೇಲೆ ಸುಕ್ಕು ಮೂಡಿಸಲು ಗೆರೆ ತೆಳ್ಳಗೆ ಹುಟ್ಟಿ, ನಡುವೆ ಉಬ್ಬಿ, ಮತ್ತೆ ತೆಳ್ಳಗಾಗಿ ಸಾಯಬೇಕು. ಸಮದಪ್ಪದ ಗೆರೆಯಲ್ಲಿ ಬರೆದರೆ ಅದು ಬ್ಯಾಡಗಿಯದಾಗುವುದಿಲ್ಲ, ಎಲ್ಲಿಯದೋ ಆಗುತ್ತದೆ. ಬೀಜೋತ್ಪಾದನೆಗೆ ಹೆಸರಾದ ರಾಣೆಬೆನ್ನೂರಿನ ಬೀಜದ ಪಾಕೀಟುಗಳ ಟೊಮ್ಯಾಟೊ, ಬೆಂಡೆಗಳದೂ ಇದೇ ಮಾತು. ದೀಪಾವಳಿಯ ನಂತರದ ಕೊಬ್ಬರಿ ಹೋರಿ ಹಬ್ಬದಲ್ಲಿ ಹೆಸರಾಂತ ಹೋರಿಗಳ ಚಿತ್ರ ಅಭಿಮಾನಿಗಳ ಟೀಶರ್ಟಿಗೂ ಬ್ಯಾನರಿಗೂ ಏರುತ್ತದೆ. ಇಣಿ, ಕೊಂಬು, ಹಾರುವ ರಿಬ್ಬನ್ನು ಎಲ್ಲವೂ ಗೆರೆಯ ಉಬ್ಬಿಳಿತದ ಮೇಲೆ ನಿಂತ ಚಿತ್ರಗಳು. ಸುಧಾ, ಮಯೂರದಂಥ ಪತ್ರಿಕೆಗಳ ಪುಟಗಳಲ್ಲಿ ಚಿತ್ರಕಾರರಾದ ಚಂದ್ರನಾಥ ಆಚಾರ್ಯ, ಪ.ಸ. ಕುಮಾರರ ಶಾಯಿಯ ಗೆರೆ ನೋಡಿ ಬೆಳೆದ ಓದುಗರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ.

ಇಂಥ ಚಿತ್ರ ಬರೆಯುವ ಅಂಗಡಿಯಲ್ಲಿ ವಿಂಡೋಸ್ ತಾನಾಗಿ ಅಪ್‌ಡೇಟ್ ಆಗುತ್ತದೆ. ಟ್ಯಾಬ್ಲೆಟ್ ಹೊಸದು, ಅದರ ಡ್ರೈವರ್ ವಿಂಡೋಸ್ ಇಂಕ್ ಗುರುತು ಹಾಕಿಕೊಂಡೇ ಬರಬಹುದು. ಫೋಟೋಶಾಪ್ ಮಾತ್ರ ನುಡಿಯ ಫೈಲುಗಳಿಗಾಗಿ ಹಳೆಯದು, ಅದಕ್ಕೆ ಗೊತ್ತಿರುವುದು ವಿನ್‌ಟ್ಯಾಬ್ ಒಂದೇ. ಮೇಲಾಗಿ ಅದು 32 ಬಿಟ್ಟಿನದು. 64 ಬಿಟ್ಟಿನ ವಿಂಡೋಸ್‌ನಲ್ಲಿ ಅದು ಡಿಎಲ್‌ಎಲ್ ಹುಡುಕುವುದು ಸಿಸ್‌ವಾವ್64 ಫೋಲ್ಡರಿನಲ್ಲಿ. ಅಲ್ಲಿ ಹಳೆಯ ಟ್ಯಾಬ್ಲೆಟ್ಟಿನ ಕಡತ ಉಳಿದಿದ್ದರೆ ಹೊಸ ಪೆನ್ನು ಎಷ್ಟೇ ಒಳ್ಳೆಯದಾಗಿದ್ದರೂ ಮೌಸಿನಂತೆ ವರ್ತಿಸುತ್ತದೆ. ಎಲ್ಲವನ್ನೂ ಅಪ್‌ಡೇಟ್ ಮಾಡಿ ಎಂಬ ಸಲಹೆ ಇಲ್ಲಿ ಒತ್ತಡವನ್ನು ಉಳಿಸಿ ಅಕ್ಷರವನ್ನು ಕೊಲ್ಲಬಹುದು. ಯೂನಿಕೋಡಿಗೆ ಬನ್ನಿ, ಅಲ್ಲಿಗೆ ಎರಡು ತೊಂದರೆಗಳೂ ತೀರುತ್ತವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಹೊಸ ಕೆಲಸಕ್ಕೆ ಅದೇ ಸರಿ. ಅಡೋಬಿ ಕೂಡ 2010ರ ದಶಕದಲ್ಲಿ ಭಾರತೀಯ ಲಿಪಿಗಳ ಜೋಡಣೆಯನ್ನು ಸರಿಮಾಡಿಕೊಂಡಿದೆ. ಆದರೆ ಕಳೆದ ವರ್ಷದ ಜಾತ್ರೆಯ ಬ್ಯಾನರಿನಲ್ಲಿ ದಿನಾಂಕ ಬದಲಿಸಿ ಕೊಡಿ ಎಂದು ಬರುವ ಗಿರಾಕಿಗೆ ಹಳೆಯ ಕಡತ ತೆರೆಯಲೇಬೇಕು. ಐಪ್ಯಾಡ್ ಕೊಂಡರೆ ಡ್ರೈವರಿನ ರಗಳೆಯೇ ಇಲ್ಲ ಎನ್ನುವವರೂ ಇದ್ದಾರೆ. 2015ರ ಆಪಲ್ ಪೆನ್ಸಿಲ್ ಇಡೀ ದಾರಿಯನ್ನು ಒಬ್ಬನೇ ಮಾಲೀಕನ ಕೈಗೆ ಕೊಟ್ಟದ್ದರಿಂದ ರಗಳೆ ತಪ್ಪಿತು, ನಿಜ. ಚಿತ್ರ ಅಲ್ಲೇ ಮುಗಿದರೆ ಸರಿ. ಅಕ್ಷರ ಕೂರಿಸಲು, ಅಚ್ಚಿಗೆ ಕಳಿಸಲು ಅದು ಮತ್ತೆ ಅದೇ ಹಳೆಯ ಕಂಪ್ಯೂಟರಿಗೆ ಬರುತ್ತದೆ. ಕೃತಕ ಬುದ್ಧಿಮತ್ತೆಯ ಚಿತ್ರ ಸಾಕು, ಪೆನ್ನೇ ಬೇಡ ಎನ್ನುವವರಿಗೆ ಕಡ್ಡಿಯನ್ನೂ ಡಬ್ಬಿಯನ್ನೂ ಬೇರೆಬೇರೆಯಾಗಿ ಬರೆಸಿ ನೋಡಲು ಹೇಳಬೇಕು.

ಕನ್ನಡವೂ ಒತ್ತಡವೂ ಒಟ್ಟಿಗೆ ನಡೆಯುವ ಜಾಗ ಈಗಲೇ ಇದೆ. ಲಿನಕ್ಸ್ ಮೇಲೆ ಕ್ರಿಟಾ, ಇಂಕ್‌ಸ್ಕೇಪ್‌ಗಳಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಮೂಡುತ್ತದೆ, ಪೆನ್ನಿನ ಬೆಂಬಲ ಬಹುಮಟ್ಟಿಗೆ ಕರ್ನಲ್ಲಿನಲ್ಲೇ ಇದೆ. ಅಚ್ಚಿನ ಬಣ್ಣ ವಿಭಜನೆಯಲ್ಲಿ ಇಂಕ್‌ಸ್ಕೇಪ್ ಇನ್ನೂ ಹಿಂದಿದೆ ಎಂಬುದು ಒಪ್ಪಬೇಕಾದ ಕೊರತೆ. ದೊಡ್ಡ ಕೊರತೆ ಕಲಿಸುವ ಕಡೆಗಿದೆ. ಕರ್ನಾಟಕ 2012ರಲ್ಲೇ ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆ ನೀತಿ ರೂಪಿಸಿತು, ಚಿತ್ರಕಲಾ ಶಾಲೆಗಳಿಗೆ ಡಿಜಿಟಲ್ ಆರ್ಟ್ ಸೆಂಟರ್‌ಗಳೂ ಬಂದವು. ಅವುಗಳ ದೃಷ್ಟಿ ಹೆಚ್ಚಾಗಿ ಸ್ಟುಡಿಯೋಗಳತ್ತ. ಬ್ಯಾಡಗಿಯ ಪೊಟ್ಟಣ ಬರೆಯುವವನು ಆ ನೀತಿಯ ಎಣಿಕೆಯಲ್ಲಿ ಕಲಾವಿದನಲ್ಲ. ಯಾವ ವಿಂಡೋಸ್ ಮೇಲೆ, ಯಾವ ಹಳೆಯ ಫೋಟೋಶಾಪ್ ಅಥವಾ ಕೋರೆಲ್‌ಡ್ರಾ ಜೊತೆ, ಯಾವ ಡ್ರೈವರಿನ ಯಾವ ಆವೃತ್ತಿ ಒತ್ತಡ ಕೊಡುತ್ತದೆ ಎಂಬ ಒಂದು ಪಟ್ಟಿ ಕನ್ನಡದಲ್ಲಿ ಬೇಕು. ಅದರ ಒಂದೊಂದು ಸಾಲು ಒಂದೊಂದು ಅಂಗಡಿಯವರ ತಲೆಯಲ್ಲಿದೆ, ಕಾಗದದ ಮೇಲಿಲ್ಲ. ಅದಿಲ್ಲದಿರುವಾಗ ಉಳಿಯುವುದು ಸಿಪಿಯು ಎತ್ತಿಕೊಂಡು ಹುಬ್ಬಳ್ಳಿಗೋ ದಾವಣಗೆರೆಗೋ ಹೋಗುವುದು, ಅಲ್ಲಿ ಮೊದಲ ಮದ್ದಾಗಿ ವಿಂಡೋಸ್ ಫಾರ್ಮ್ಯಾಟ್ ಮಾಡಿಸಿಕೊಳ್ಳುವುದು. ಒತ್ತಡ ಮರಳಿದರೂ ಏಕೆ ಮರಳಿತೆಂದು ಯಾರಿಗೂ ತಿಳಿಯುವುದಿಲ್ಲ, ಮುಂದಿನ ಅಪ್‌ಡೇಟಿಗೆ ಅದು ಮತ್ತೆ ಹೋಗುತ್ತದೆ.